ನಿಮಗಿದು ಗೊತ್ತೇ? ಬಾಲಮುರಳಿಗೆ ಎರಡು ಸಲ ರಾಷ್ಟ್ರಪ್ರಶಸ್ತಿ ತಂದದ್ದು ಕನ್ನಡ

ಕರ್ನಾಟಕ ಸಂಗೀತದ ವಿದ್ವಾಂಸ ಮಂಗಳಂಪಲ್ಲಿ ಬಾಲಮುರಳೀಕೃಷ್ಣ ಅವರಿಗೆ ಸಿನಿಮಾ ಸಂಗೀತಕ್ಕಾಗಿ ಎರಡು ಸಲ ರಾಷ್ಟ್ರಪ್ರಶಸ್ತಿ ಬಂತು. ಒಮ್ಮೆ ಹಾಡಿದ್ದಕ್ಕೆ, ಇನ್ನೊಮ್ಮೆ ಸಂಗೀತ ನಿರ್ದೇಶನಕ್ಕೆ. ಮನೆಮಾತು ತೆಲುಗು, ಸಂಗೀತ ಕಲಿತದ್ದು ವಿಜಯವಾಡದಲ್ಲಿ, ಕೊನೆತನಕ ನೆಲೆಸಿದ್ದು ಮದರಾಸಿನಲ್ಲಿ. ಪ್ರಶಸ್ತಿಗಳು ಮಾತ್ರ ಎರಡೂ ಕನ್ನಡ ಚಿತ್ರಗಳಿಗೆ! 1975ರ ‘ಹಂಸಗೀತೆ’ಗೆ ಅತ್ಯುತ್ತಮ ಹಿನ್ನೆಲೆ ಗಾಯಕ, 1986ರ ‘ಮಧ್ವಾಚಾರ್ಯ’ಕ್ಕೆ ಅತ್ಯುತ್ತಮ ಸಂಗೀತ ನಿರ್ದೇಶಕ. ಇದು ಕನ್ನಡಿಗರೆಲ್ಲ ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ಸಂಗತಿ.

ತಾನೇ ಬರೆದು, ತಾನೇ ರಾಗ ಹಾಕಿ, ತಾನೇ ಹಾಡುವ ಪಾಪ್ ಗಾಯಕರೆಂದರೆ ಇವತ್ತಿನ ಹುಡುಗ ಹುಡುಗಿಯರಿಗೆ ಪ್ರಾಣ. ಬಾಲಮುರಳಿಯವರೂ ಆ ಮೂರೂ ಕೆಲಸ ಮಾಡಿದವರು. ಅವನ್ನು ಒಬ್ಬರೇ ಮಾಡುವ ವಾಗ್ಗೇಯಕಾರರ ಪರಂಪರೆ ಆಂಧ್ರದ ಕರಾವಳಿಯಲ್ಲಿ ಏಳು ಶತಮಾನದಷ್ಟು ಹಳೆಯದು ಎಂಬುದು ಗೊತ್ತೇ? ವಿಶಾಖಪಟ್ಟಣದ ಪಕ್ಕದ ಸಿಂಹಾಚಲದಲ್ಲಿ ಕೃಷ್ಣಮಾಚಾರ್ಯ ಎಂಬ ವೈಷ್ಣವ ಭಕ್ತ ಇದ್ದ. ಕಾಕತೀಯ ಪ್ರತಾಪರುದ್ರನ ಕಾಲದವನು. ಬೆಟ್ಟದ ನರಸಿಂಹನನ್ನು ಕರೆದು ಕರೆದು ಅವನು ಹಾಡಿದ್ದು ಪದ್ಯಗಳನ್ನಲ್ಲ, ವಚನಗಳನ್ನು. ‘ಸಿಂಹಗಿರಿ ವಚನಗಳು’ ಎಂದೇ ಅವು ಪ್ರಸಿದ್ಧ. ಬಸವಣ್ಣನವರ ನಾಡಿನವರಾದ ನಮಗೆ ಛಂದಸ್ಸಿನ ಹಂಗಿಲ್ಲದೆ ದೇವರೊಡನೆ ಆಡುವ ಈ ಮಾತಿನ ಧಾಟಿ ತಕ್ಷಣ ಪರಿಚಿತ ಅನ್ನಿಸುತ್ತದೆ. ಅವನು ರಚಿಸಿದ್ದು ನಾಲ್ಕು ಲಕ್ಷ ಎಂದು ಪ್ರತೀತಿ. ಉಳಿದು ಬಂದದ್ದು ತೀರ ಕಡಿಮೆ. ತಿರುಪತಿಯ ಅನ್ನಮಾಚಾರ್ಯರಿಗಿಂತ ಮೊದಲೇ ಬಂದ ಹಾಡುಗವಿ ಈತ. ಅನ್ನಮಾಚಾರ್ಯರ ಮೊಮ್ಮಗ ಚಿನ್ನ ತಿರುಮಲಾಚಾರ್ಯ ತನ್ನ ಸಂಕೀರ್ತನ ಲಕ್ಷಣ ಗ್ರಂಥದಲ್ಲಿ ಈತನನ್ನು ನೆನೆದಿದ್ದಾನೆ.

   

ಸ್ಥಳಪುರಾಣದಂತೆ ಪ್ರಹ್ಲಾದನನ್ನು ಸಮುದ್ರಕ್ಕೆಸೆದು ಮೇಲೆ ಹೇರಿದ ಬೆಟ್ಟವೇ ಸಿಂಹಾಚಲ. ಆ ಪ್ರಹ್ಲಾದನ ಕಥೆ 1967ರಲ್ಲಿ ತೆಲುಗಿನಲ್ಲಿ ‘ಭಕ್ತ ಪ್ರಹ್ಲಾದ’ ಎಂಬ ಸಿನಿಮಾ ಆಯಿತು. ಎಸ್. ವಿ. ರಂಗರಾವ್ ಹಿರಣ್ಯಕಶಿಪು, ಬಾಲನಟಿ ರೋಜಾರಮಣಿ ಪ್ರಹ್ಲಾದ. ನಾರದ ಯಾರು ಗೊತ್ತೇ? ಬಾಲಮುರಳಿಯವರೇ! ಪರದೆಯ ಹಿಂದೆ ಹಾಡುತ್ತಿದ್ದವರು ಇಲ್ಲಿ ವೇಷ ಹಾಕಿ, ತಂಬೂರಿ ಹಿಡಿದು, ತಮ್ಮದೇ ಕಂಠದಲ್ಲಿ ಹಾಡಿದರು. ನಾರದನ ವೀಣೆಯ ಹೆಸರು ಮಹತಿ. ಬಾಲಮುರಳಿ ತಾವು ಕಟ್ಟಿದ ರಾಗವೊಂದಕ್ಕೂ ‘ಮಹತಿ’ ಎಂದೇ ಹೆಸರಿಟ್ಟರು. ಆ ರಾಗದಿಂದ ದೊಡ್ಡ ಜಗಳವೂ ಆಯಿತು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಹುಟ್ಟಿನ ಕಥೆ. 1930ರ ಜುಲೈ 6, ಪೂರ್ವ ಗೋದಾವರಿ ಜಿಲ್ಲೆಯ ಶಂಕರಗುಪ್ತಂ. ತಂದೆ ಪಟ್ಟಾಭಿರಾಮಯ್ಯ ಸಂಗೀತಗಾರರು, ತಾಯಿ ಸೂರ್ಯಕಾಂತಮ್ಮ ವೀಣೆ ನುಡಿಸುತ್ತಿದ್ದವರು. ಮಗು ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ಅದೇ ಜಿಲ್ಲೆಯ ಕಾಕಿನಾಡದಲ್ಲಿ, ಅದೇ ವರ್ಷದ ಸೆಪ್ಟೆಂಬರ್ 22ರಂದು ಇನ್ನೊಂದು ಮಗು ಹುಟ್ಟಿತು. ಅದು ಪಿ. ಬಿ. ಶ್ರೀನಿವಾಸ್! ರಾಜ್‌ಕುಮಾರ್ ಅವರಿಗೆ ದಶಕಗಳ ಕಾಲ ದನಿಯಾದವರು, ಹಲವು ಭಾಷೆಗಳಲ್ಲಿ ತಾವೇ ಕವಿತೆ ಬರೆದವರು. ಎರಡೂವರೆ ತಿಂಗಳ ಅಂತರದಲ್ಲಿ ಒಂದೇ ಜಿಲ್ಲೆ ನಮಗೆ ಇಬ್ಬರನ್ನು ಕೊಟ್ಟಿತು.

ಪಿ. ಸುಶೀಲಾ ವಿಜಯನಗರದವರು (ನಮ್ಮ ಹಂಪಿಯ ವಿಜಯನಗರವಲ್ಲ, ಸಿಂಹಾಚಲ ದೇವಸ್ಥಾನವನ್ನು ತಲೆಮಾರುಗಳಿಂದ ನೋಡಿಕೊಂಡು ಬಂದ ಪೂಸಪಾಟಿ ಅರಸರ ಊರು). ಎಸ್. ಜಾನಕಿ ಗುಂಟೂರು ಸೀಮೆಯ ರೇಪಲ್ಲೆ ಕಡೆಯವರು. ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳ ಮೂರು ದೊಡ್ಡ ಕಂಠಗಳೂ ಆ ಕರಾವಳಿಯದೇ.

ಪೂಸಪಾಟಿ ಅರಸರು 1919ರಲ್ಲಿ ವಿಜಯನಗರದಲ್ಲಿ ಸಂಗೀತ ಕಾಲೇಜು ತೆರೆದರು. ಹರಿಕಥೆಯ ಪಿತಾಮಹ ಆದಿಭಟ್ಲ ನಾರಾಯಣದಾಸರು ಅದರ ಮೊದಲ ಪ್ರಾಂಶುಪಾಲರು, ಅವರ ನಂತರ ಪಿಟೀಲು ವಿದ್ವಾಂಸ ದ್ವಾರಂ ವೆಂಕಟಸ್ವಾಮಿ ನಾಯ್ಡು. ಅಲ್ಲಿ ಕಲಿತು ಬಂದವರು ಘಂಟಸಾಲ. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಕುಲದ ಹಮ್ಮನ್ನು ಪ್ರಶ್ನಿಸುವ ಆ ಹಾಡು ಇವತ್ತಿಗೂ ಊರ ಜಾತ್ರೆಗಳಲ್ಲಿ ಮೊಳಗುತ್ತದಲ್ಲ, ಆ ದನಿ ಘಂಟಸಾಲ ಅವರದು.

ಮತ್ತೆ ಬಾಲಮುರಳಿಯವರ ಬಾಲ್ಯಕ್ಕೆ ಬರೋಣ. ಹುಟ್ಟಿದಾಗ ಅವರಿಗಿಟ್ಟ ಹೆಸರು ಮುರಳೀಕೃಷ್ಣ ಎಂದಷ್ಟೇ. ‘ಬಾಲ’ ಸೇರಿಸಿದ್ದು ಹರಿಕಥಾ ವಿದ್ವಾಂಸ ಮುಸುನೂರಿ ಸೂರ್ಯನಾರಾಯಣಮೂರ್ತಿ ಭಾಗವತರು. ಎಂಟನೇ ವಯಸ್ಸಿನಲ್ಲೇ ಹುಡುಗ ವಿಜಯವಾಡದ ಆರಾಧನೋತ್ಸವದಲ್ಲಿ ಪೂರ್ಣ ಕಛೇರಿ ಮಾಡಿದ್ದ. ಗುರು ಪಾರುಪಲ್ಲಿ ರಾಮಕೃಷ್ಣಯ್ಯ ಪಂತುಲು. ಅವರ ಗುರು ಸುಸರ್ಲ ದಕ್ಷಿಣಾಮೂರ್ತಿ ಶಾಸ್ತ್ರಿ, ಅವರ ಗುರು ಮಾನಂಬುಚಾವಡಿ ವೆಂಕಟಸುಬ್ಬಯ್ಯ, ಅವರ ಗುರು ಸಾಕ್ಷಾತ್ ತಿರುವಯ್ಯಾರಿನ ತ್ಯಾಗರಾಜರು. ಗುರುವಿನ ಹೆಸರು ಕೇಳಿದರೆ ಬಾಲಮುರಳಿ ನಾಲ್ಕೇ ಮೆಟ್ಟಿಲಲ್ಲಿ ತಿರುವಯ್ಯಾರು ತಲುಪುತ್ತಿದ್ದರು!

ಹದಿನೈದರ ಹೊತ್ತಿಗೆ ಅವರಿಗೆ 72 ಮೇಳಕರ್ತ (ಮೂಲ) ರಾಗಗಳೂ ಕರಗತ. ಬರೀ ಹಾಡುವುದಲ್ಲ, ಒಂದೊಂದರಲ್ಲೂ ಸ್ವಂತ ಕೃತಿ. ಈ ಸಾಧನೆಯ ತೂಕ ತಿಳಿಯಬೇಕಾದರೆ ಒಂದು ವಿಷಯ ನೆನಪಿಡಿ: 72ರಲ್ಲಿ 40 ವಿವಾದಿ ಮೇಳಗಳು. ಅಕ್ಕಪಕ್ಕದ ಸ್ವರಗಳು ಕಿವಿಗೆ ತಿಕ್ಕಾಡುವಂಥವು. ಹಿರಿಯ ವಿದ್ವಾಂಸರೂ ಅವುಗಳ ತಂಟೆಗೆ ಹೋಗದೆ ದಾಟಿಬಿಡುತ್ತಿದ್ದರು. ಈ ಹುಡುಗ ಒಂದನ್ನೂ ಬಿಡಲಿಲ್ಲ. ಆ ರಚನೆಗಳು 1952ರಲ್ಲಿ ‘ಜನಕ ರಾಗ ಮಂಜರಿ’ ಎಂಬ ಪುಸ್ತಕವಾಗಿ ಬಂದವು, ಆಮೇಲೆ ‘ರಾಗಾಂಗ ರಾವಳಿ’ ಎಂಬ ಒಂಬತ್ತು ಸಂಪುಟಗಳ ಧ್ವನಿಮುದ್ರಣವಾದವು. ಅಂದಹಾಗೆ, 72 ಮೇಳಗಳ ಲೆಕ್ಕವನ್ನು ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ ಕಟ್ಟಿಕೊಟ್ಟ ವೆಂಕಟಮಖಿ ತಂಜಾವೂರಿನ ಮಂತ್ರಿ ಗೋವಿಂದ ದೀಕ್ಷಿತರ ಮಗ. ಆ ಮನೆತನ ಕನ್ನಡದ್ದು.

ಬಾಲಮುರಳಿ ಹಾಡುಗಾರಿಕೆಯ ಜೊತೆಗೆ ಪಿಟೀಲು, ವಯೋಲಾ, ವೀಣೆ, ಮೃದಂಗ, ಕಂಜಿರ ಎಲ್ಲವನ್ನೂ ನುಡಿಸುತ್ತಿದ್ದರು. ವಯೋಲಾದಲ್ಲಿ ತನಿ ಕಛೇರಿಯನ್ನೇ ಕೊಡುತ್ತಿದ್ದರು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲಿನ ನೆರಳಲ್ಲಿ ಉಳಿಯುವ ವಾದ್ಯಕ್ಕೆ ಕರ್ನಾಟಕ ಸಂಗೀತದ ವೇದಿಕೆಯಲ್ಲಿ ನಡುಪೀಠ!

ವಿಜಯವಾಡ ಆಕಾಶವಾಣಿ ಶುರುವಾದದ್ದು 1948ರ ಡಿಸೆಂಬರ್ 1ರಂದು. ಬೆಳಗಿನ ‘ಭಕ್ತಿರಂಜನಿ’ ಕಾರ್ಯಕ್ರಮದಿಂದ ಬಾಲಮುರಳಿಯವರ ದನಿ ತೆಲುಗರ ಅಡುಗೆಮನೆಗಳನ್ನೂ ಹೊಲಗಳನ್ನೂ ತಲುಪಿತು. ಭದ್ರಾಚಲ ರಾಮದಾಸರ ಕೀರ್ತನೆಗಳು, ಸದಾಶಿವ ಬ್ರಹ್ಮೇಂದ್ರರ ಕೃತಿಗಳು ಇಂದು ಇಷ್ಟು ಜನಪ್ರಿಯವಾಗಿರುವುದಕ್ಕೆ ಅವರ ಕಂಠವೇ ದೊಡ್ಡ ಕಾರಣ. ವಿಜಯವಾಡದ ಸರ್ಕಾರಿ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರೂ ಅವರೇ.

ಅದೇ ವಿಜಯವಾಡ ಆಕಾಶವಾಣಿಯಲ್ಲಿ ಇನ್ನೊಬ್ಬರಿದ್ದರು, ಬಾಲಾಂತ್ರಪು ರಜನೀಕಾಂತ ರಾವ್. ಬರೆದರು, ರಾಗ ಹಾಕಿದರು, ಹಾಡಿದರು. ಅಷ್ಟು ಸಾಲದೆಂಬಂತೆ ತಮ್ಮ ಹಾಗೆ ಬರೆದು ಹಾಡಿದ ಪೂರ್ವಿಕರ ಚರಿತ್ರೆಯನ್ನೇ ಬರೆದರು. ‘ಆಂಧ್ರ ವಾಗ್ಗೇಯಕಾರ ಚರಿತ್ರಮು’ಗೆ 1961ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1920ರಲ್ಲಿ ಹುಟ್ಟಿದ ಅವರು 2018ರವರೆಗೂ ನಮ್ಮೊಂದಿಗಿದ್ದರು. ಈ ಪುಸ್ತಕ ಕನ್ನಡದ ಸಂಗೀತ ವಿದ್ಯಾರ್ಥಿಗಳ ಕೈಗೂ ಸಿಗಬೇಕು.

ಈಗ ಜಗಳದ ವಿಷಯ. ರಾಗವೆಂದರೆ ಕನಿಷ್ಠ ಐದು ಸ್ವರ ಬೇಕೆಂಬುದು ಸಂಪ್ರದಾಯದ ಮಾತು. ಬಾಲಮುರಳಿ ಮಹತಿಗೆ ಇಟ್ಟದ್ದು ನಾಲ್ಕು: ಸ ಗ ಪ ನಿ. ಲವಂಗಿಗೂ ನಾಲ್ಕು: ಸ ರಿ ಮ ದ. ಸುಮುಖಂ ಕೂಡ ಹಾಗೆಯೇ. ಸರ್ವಶ್ರೀ, ಓಂಕಾರಿ ರಾಗಗಳಿಗೆ ಬರೀ ಮೂರು! ರಾಗವನ್ನು ಯಾರಾದರೂ ಸೃಷ್ಟಿಸಬಹುದೇ ಎಂದು ವೀಣೆಯ ಎಸ್. ಬಾಲಚಂದರ್ 1980ರ ದಶಕದಲ್ಲಿ ಬಹಿರಂಗವಾಗಿ ಸಮರ ಸಾರಿದರು. ಪತ್ರಿಕೆಗಳಲ್ಲಿ ವಾದ ವಿವಾದ ನಡೆದವು. ಬಾಲಮುರಳಿ ಪಟ್ಟು ಬಿಡಲಿಲ್ಲ. ನನ್ನ ಮಟ್ಟಿಗೆ ಈ ವಾದಕ್ಕೆ ಉತ್ತರ ಸಿನಿಮಾದಲ್ಲಿದೆ. 1975ರಲ್ಲಿ ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಅಪೂರ್ವ ರಾಗಂಗಳ್’ಗೆ ಅಪರೂಪದ ರಾಗ ಬೇಕಾದಾಗ ಸಂಗೀತ ನಿರ್ದೇಶಕ ಎಂ. ಎಸ್. ವಿಶ್ವನಾಥನ್ ಆರಿಸಿಕೊಂಡದ್ದು ಈ ಮಹತಿಯನ್ನೇ. ಯೇಸುದಾಸ್ ಹಾಡಿದರು, ಹಾಡು ಮನೆಮನೆ ತಲುಪಿತು. ಜನ ಹಾಡಿಕೊಂಡ ಮೇಲೆ ಅದನ್ನು ರಾಗವಲ್ಲ ಎನ್ನುವವರು ಯಾರು?

ಬಾಲಮುರಳಿಯವರ ರಚನೆಗಳು ನಾನೂರಕ್ಕೂ ಹೆಚ್ಚು. ದಾಸರ ಪದಗಳಿಗೆ ಅಂಕಿತವಿದ್ದಂತೆ ಇವರ ಕೃತಿಗಳಿಗೂ ಅಂಕಿತವಿದೆ, ‘ಮುರಳಿ’. ಕಥನಕುತೂಹಲ ರಾಗದ ಇವರ ತಿಲ್ಲಾನವನ್ನು ಬೆಂಗಳೂರಿನ ಭರತನಾಟ್ಯ ವೇದಿಕೆಗಳಲ್ಲಿ ನೀವು ಖಂಡಿತ ಕೇಳಿರುತ್ತೀರಿ, ಬರೆದವರು ಯಾರೆಂದು ತಿಳಿಯದಿದ್ದರೂ.

ಇನ್ನು ಸಿನಿಮಾ ಹಾಡುಗಳು. 1963ರ ತೆಲುಗು ಚಿತ್ರ ‘ನರ್ತನಶಾಲ’. ಬೃಹನ್ನಳೆಯ ವೇಷದ ಎನ್. ಟಿ. ರಾಮರಾವ್ ನಾಟ್ಯ ಕಲಿಸುವಾಗ ಕೇಳುವ ದನಿ ಬಾಲಮುರಳಿಯದು. ಜೊತೆಗೆ ಹಾಡಿದ ಗಾಯಕಿ ಬೆಂಗಳೂರು ಲತಾ.

ಕನ್ನಡಕ್ಕೆ ಬರೋಣ. ಅ. ನ. ಕೃಷ್ಣರಾಯರ ಕಾದಂಬರಿ ಆಧರಿಸಿದ, ರಾಜ್‌ಕುಮಾರ್ ನಟಿಸಿದ ‘ಸಂಧ್ಯಾರಾಗ’ (1966) ಚಿತ್ರದಲ್ಲಿ ಭೀಮಸೇನ ಜೋಶಿಯವರೂ ಹಾಡಿದ್ದಾರೆ, ಬಾಲಮುರಳಿಯವರೂ ಹಾಡಿದ್ದಾರೆ. ಉತ್ತರಾದಿ, ದಕ್ಷಿಣಾದಿ ಎರಡೂ ಒಂದೇ ಕನ್ನಡ ಚಿತ್ರದಲ್ಲಿ! ಮುಂದೆ ಇವರಿಬ್ಬರ ಜುಗಲ್‌ಬಂದಿ ದೇಶವೇ ಕಾದು ಕೇಳುವ ಕಛೇರಿಯಾಯಿತು. 1988ರಲ್ಲಿ ದೂರದರ್ಶನದ ‘ಮಿಲೇ ಸುರ್’ ಗೀತೆಯಲ್ಲಿ ಇಬ್ಬರನ್ನೂ ಮತ್ತೆ ಕಂಡೆವು.

ಇದಕ್ಕಿಂತ ಸೊಗಸಾದ ಕೊಂಡಿ ತ. ರಾ. ಸು. ಅವರ ‘ಹಂಸಗೀತೆ’ ಕಾದಂಬರಿಯದು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯನ ಕಥೆ. 1956ರಲ್ಲಿ ಇದೇ ಕಥೆ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆದಾಗ ಮನ್ನಾ ಡೇ ಜೊತೆ ಹಾಡಿದವರು ನಮ್ಮ ಗದುಗಿನ ಭೀಮಸೇನ ಜೋಶಿ. 1975ರಲ್ಲಿ ಜಿ. ವಿ. ಅಯ್ಯರ್ ಕನ್ನಡದಲ್ಲಿ ಚಿತ್ರ ಮಾಡಿದಾಗ ಅನಂತ್ ನಾಗ್ ಅವರ ವೆಂಕಟಸುಬ್ಬಯ್ಯನಿಗೆ ಕಂಠ ಕೊಟ್ಟವರು ಗೋದಾವರಿ ತೀರದ ಬಾಲಮುರಳಿ. ಕನ್ನಡಿಗ ಹಿಂದಿಯಲ್ಲಿ ಹಾಡಿದ, ತೆಲುಗಿನವರು ಕನ್ನಡದಲ್ಲಿ ಹಾಡಿದರು, ಕಥೆ ಒಂದೇ. ಸಂಗೀತದ ಹೊಣೆಯನ್ನು ಬಿ. ವಿ. ಕಾರಂತರೂ ಬಾಲಮುರಳಿಯವರೂ ಹಂಚಿಕೊಂಡರು. ದೊಡ್ಡ ವಾದ್ಯಮೇಳದ ಅಬ್ಬರವಿಲ್ಲ. ದುರ್ಗದ ಬಂಡೆಗಳ ನಡುವೆ ಕಂಠವೊಂದೇ ಕಥೆಯನ್ನು ಹೊತ್ತು ನಡೆಯುತ್ತದೆ. ಗಾಯಕನೊಬ್ಬನ ಸೊಕ್ಕು, ಸೋಲು, ಸಾಧನೆ ಮೂರನ್ನೂ ಬರೀ ದನಿಯಲ್ಲಿ ಕಾಣಿಸಿದ ಇಂಥ ಹಿನ್ನೆಲೆ ಗಾಯನ ಭಾರತೀಯ ಚಿತ್ರರಂಗದಲ್ಲೇ ಅಪರೂಪ.

ಅಯ್ಯರ್ ಅವರ ಮೂರು ಆಚಾರ್ಯರ ಚಿತ್ರಗಳಿಗೂ ಬಾಲಮುರಳಿಯವರದೇ ಸಂಗೀತ. ಶಂಕರರ ಚಿತ್ರ ಸಂಸ್ಕೃತದಲ್ಲಿ (1983, ಇದು ನಮ್ಮ ದೇಶದ ಮೊದಲ ಸಂಸ್ಕೃತ ಚಿತ್ರ), ಮಧ್ವರದು ಕನ್ನಡದಲ್ಲಿ, ರಾಮಾನುಜರದು ತಮಿಳಿನಲ್ಲಿ.

ಶಾಸ್ತ್ರೀಯ ಹಾಡಷ್ಟೇ ಅವರದು ಅಂದುಕೊಂಡಿರಾ? 1990ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಕೆ. ಎಸ್. ಚಿತ್ರಾ ಜೊತೆ ಅವರು ಹಾಡಿದ ‘ಮುತ್ತಿನ ಹಾರ’ದ ಪ್ರೇಮಗೀತೆ ಇವತ್ತಿಗೂ ಮದುವೆ ಮನೆಗಳಲ್ಲಿ ಕೇಳುತ್ತದೆ. ಸಾಹಿತ್ಯ, ಸಂಗೀತ ಹಂಸಲೇಖ ಅವರದು.

ಬಾಲಮುರಳಿಯವರಿಗೆ 1971ರಲ್ಲಿ ಪದ್ಮಶ್ರೀ, 1978ರಲ್ಲಿ ಸಂಗೀತ ಕಲಾನಿಧಿ, 1991ರಲ್ಲಿ ಪದ್ಮವಿಭೂಷಣ, 2005ರಲ್ಲಿ ಫ್ರಾನ್ಸ್ ಸರ್ಕಾರದ ಶೆವಾಲಿಯೇ ಗೌರವ. ಬಂಗಾಳಿ ಕಲಿತು ರವೀಂದ್ರ ಸಂಗೀತವನ್ನೂ ಹಾಡಿದರು. 2016ರ ನವೆಂಬರ್ 22ರಂದು ಚೆನ್ನೈನಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ.

ನಿಮ್ಮ ಮನೆಯಲ್ಲಿ ಸಂಗೀತ ಕಲಿಯುವ ಮಕ್ಕಳಿದ್ದರೆ ಮೇಷ್ಟ್ರನ್ನು ಒಂದು ಮಾತು ಕೇಳಿ: ಸಾರ್, ಬಾಲಮುರಳಿಯವರ ಒಂದು ತಿಲ್ಲಾನ ಹೇಳಿಕೊಡಿ. ಮಕ್ಕಳು ಅದನ್ನು ಕಲಿಯುವಷ್ಟರಲ್ಲಿ ನೀವು ‘ಹಂಸಗೀತೆ’ ನೋಡಿ ಮುಗಿಸಿ.