ಮುಚ್ಚಿದ ಕಿಟಕಿಯ ಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆಯೇ?

ಗಾಜಿನ ಕಿಟಕಿ ಪಕ್ಕ ಬಿಸಿಲಿಗೆ ಕೂತರೆ ವಿಟಮಿನ್ ಡಿ ಸಿಗುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಕಿಟಕಿ ಮುಚ್ಚಿದ್ದರೆ ಅದು ನಿಜವಲ್ಲ.

ಕಟ್ಟಡದೊಳಗಿನ ಹಗಲು ಬೆಳಕಿನ ಬಗ್ಗೆ ಪಿಎಚ್‌ಡಿ ಮಾಡಲು ಬಂದವರಿಗೆ ಗೈಡ್ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಬೆಳಕು? ಲಕ್ಸ್ ಮೀಟರ್ ಹಿಡಿದು ಹೊರಟುಬಿಡುವುದು ಸುಲಭ. ಆದರೆ ಅದು ಅಳೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಓದಲು, ಬರೆಯಲು ಬೆಳಕು ಸಾಲುತ್ತದೆಯೇ ಎಂದು ತಿಳಿಯಲು ಅಷ್ಟು ಸಾಕು. ನಿದ್ದೆ-ಎಚ್ಚರದ ಗಡಿಯಾರವನ್ನು ಸರಿಹೊಂದಿಸುವುದರಲ್ಲಿ 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿನ ಪಾತ್ರ ದೊಡ್ಡದು. ಅದನ್ನು ಲೆಕ್ಕ ಹಾಕುವ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 2018ರಲ್ಲಿ.

ವಿಟಮಿನ್ ಡಿ ಕಥೆಯೇ ಬೇರೆ. ಚರ್ಮದಲ್ಲಿ ಅದು ತಯಾರಾಗಲು ಕಣ್ಣಿಗೆ ಕಾಣದ, ಸುಮಾರು 290ರಿಂದ 315 ನ್ಯಾನೋಮೀಟರ್‌ನ ಯುವಿ-ಬಿ ಕಿರಣ ಬೇಕು. ಮಾಮೂಲಿ ಕಿಟಕಿ ಗಾಜು ಇದನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಚರ್ಮ ಕಪ್ಪಾಗಿಸುವ ಯುವಿ-ಎ ಮಾತ್ರ ಸಾಕಷ್ಟು ಒಳಬರುತ್ತದೆ! ಬೆಳಕೂ ಬಿಸಿಯೂ ಇರುವುದರಿಂದ ಮೈಗೆ ಬಿಸಿಲು ತಾಗಿದಂತೆಯೇ ಅನ್ನಿಸುತ್ತದೆ, ನಾವು ಮೋಸ ಹೋಗುವುದು ಇಲ್ಲೇ. ಮೀಟರ್ ಸಾವಿರಾರು ಲಕ್ಸ್ ತೋರಿಸಿದರೂ ವಿಟಮಿನ್ ಲೆಕ್ಕ ಸೊನ್ನೆಗೆ ಹತ್ತಿರ.

ಹೊರಗೆ ಹೋಗಲಾಗದ ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಗಾಜು ಸರಿಸಿ, ಬಿಸಿಲು ನೇರ ಕೈಕಾಲಿಗೆ ಬೀಳಲಿ. ವಿಟಮಿನ್ ಕಡಿಮೆ ಇದೆಯೆಂಬ ಅನುಮಾನವಿದ್ದರೆ ವೈದ್ಯರನ್ನು ಕೇಳಿ.