ಎಂಜಿನ್ ನಂಬರು ಓದಿ

ನಿಮ್ಮ ಮನೇಲಿ ಹಳೇ ಓಮ್ನಿ ಇದೆಯಾ? ಈ ಗಾಡಿಯ ತಯಾರಿಕೆ 2019ರಲ್ಲೇ ನಿಂತಿತು. ಗಾಡಿ ನೀಲಿ ಹೊಗೆ ಬಿಡ್ತಿದೆಯಾ? ಆಯಿಲ್ ಬೇಗ ಖಾಲಿ ಆಗ್ತಿದೆಯಾ? ಹಾಗಾದರೆ ಎಂಜಿನ್ ಒಳಗೆ ಸವೆದಿರಬಹುದು. "ಬಳೆ ಅಡ ಇಟ್ಟು ಬೇರೆ ಎಂಜಿನ್ ಹಾಕಿಸೋಣ" ಅಂತಾರೆ ಮನೆಯವರು.

ಅಕ್ಕಾ, ಸ್ವಲ್ಪ ತಾಳಿ. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಸಾಕಾ? ಮೆಕ್ಯಾನಿಕ್‌ನನ್ನು ಮೊದಲು ಕೇಳಿ.

ಹಳೇ ಗಾಡಿಗೆ ಹೆಚ್ಚಾಗಿ ಬೇರೆ ಗಾಡಿಯಿಂದ ಬಿಚ್ಚಿದ ಎಂಜಿನ್ ಹಾಕ್ತಾರೆ. ಅದು ಕಳವಿನ ಮಾಲೂ ಆಗಿರಬಹುದು. ರಸೀದಿ ಇಲ್ಲದೆ ಹಣ ಕೊಡಬೇಡಿ. ಎಂಜಿನ್ ಮೇಲೆ ಒಂದು ನಂಬರು ಕೊರೆದಿರುತ್ತದೆ. ರಸೀದಿಯಲ್ಲೂ ಅದೇ ಇರಬೇಕು. ಆರ್.ಟಿ.ಓ. ಒಪ್ಪಿಗೆ ಪಡೆದು, ಆರ್.ಸಿ.ಯಲ್ಲೂ ಅದನ್ನೇ ಬರೆಸಬೇಕು. ವಿಮೆ ಕಂಪನಿಗೂ ತಿಳಿಸಬೇಕು. ಇಲ್ಲದಿದ್ದರೆ ಅಪಘಾತವಾದಾಗ ವಿಮೆ ಹಣಕ್ಕೆ ತೊಂದರೆ ಆಗಬಹುದು.

ಮೂರೂ ಕಡೆ ನಂಬರು ಒಂದೇನಾ? ಈಗ ನಿಮಗೆ ಓದೋಕೆ ಬರುತ್ತೆ. ನೀವೇ ಓದಿ ನೋಡಿ.