ಆಲೇಖಪಟದಲ್ಲಿ ಸಾಲುಗಳ ಸ್ಥಾನ

ವ್ಯಕ್ತಿಗಳ ಜೀವಿತಾವಧಿಯನ್ನು ಅಡ್ಡಗೆರೆಗಳಾಗಿ ಎಳೆದು ತೋರಿಸುವ ಕ್ರಮ ಹಳೆಯದು. 1765ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಸುಮಾರು ಎರಡು ಸಾವಿರ ಜನರ ಬದುಕನ್ನು ಹೀಗೆ ಒಂದೇ ಪಟದಲ್ಲಿ ನಿರೂಪಿಸಿದನು. ಇಂತಹ ಪಟದಲ್ಲಿ ಗೆರೆಯ ಉದ್ದವನ್ನು ಇಸವಿಗಳೇ ನಿಶ್ಚಯಿಸುತ್ತವೆ. ಆದರೆ ಯಾವ ಗೆರೆ ಮೇಲಿರಬೇಕು, ಯಾವುದು ಕೆಳಗಿರಬೇಕು, ನಡುವೆ ಎಷ್ಟು ತೆರಪು ಬೇಕು ಎಂಬುದನ್ನು ಪಟ ರಚಿಸುವವರೇ ನಿಶ್ಚಯಿಸಬೇಕು. ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿದರೂ ಈ ಹೊಣೆ ತಪ್ಪುವುದಿಲ್ಲ.

ಐವರು ಲೇಖಕರನ್ನು ತೆಗೆದುಕೊಳ್ಳೋಣ: ಗೋವಿಂದ ಪೈ (1883–1963), ಮಾಸ್ತಿ (1891–1986), ಬೇಂದ್ರೆ (1896–1981), ಕುವೆಂಪು (1904–1994), ಕಯ್ಯಾರ ಕಿಞ್ಞಣ್ಣ ರೈ (1915–2015). ಪಟದ ಎತ್ತರ 400 ಪಿಕ್ಸೆಲ್ ಇರಲಿ. ಶೀರ್ಷಿಕೆಗೆ ಮೇಲೆ 40, ಇಸವಿಗಳ ಅಂಕನಕ್ಕೆ ಕೆಳಗೆ 60 ಬಿಟ್ಟರೆ 300 ಉಳಿಯುತ್ತದೆ. ಅದನ್ನು ಐದರಿಂದ ಭಾಗಿಸಿದಾಗ ಪ್ರತಿ ಸಾಲಿಗೆ 60 ದೊರೆಯುತ್ತದೆ. ಪಟ್ಟಿಯನ್ನು ಸಾಲಿನ ನಡುವೆ ಕೂರಿಸಬೇಕಾದುದರಿಂದ ಮೊದಲ ಸಾಲಿನ ಮಧ್ಯರೇಖೆ ಮೇಲಂಚಿನಿಂದ 40 ಮತ್ತು 30, ಅಂದರೆ 70ರಲ್ಲಿ ಬರುತ್ತದೆ. ಮುಂದಿನವು 130, 190, 250, 310ರಲ್ಲಿ. ಪಟ್ಟಿಯ ದಪ್ಪ 36 ಆದರೆ ಎರಡು ಪಟ್ಟಿಗಳ ನಡುವೆ 24ರ ತೆರಪು ಉಳಿಯುತ್ತದೆ.

ಇಲ್ಲಿ ದಿಕ್ಕಿನ ತೊಡಕೊಂದಿದೆ. ಚಿತ್ರಪಟದ ಲೆಕ್ಕ ಸಾಮಾನ್ಯವಾಗಿ ಮೇಲಿನ ಎಡಮೂಲೆಯಿಂದ ಆರಂಭವಾಗಿ ಕೆಳಮುಖವಾಗಿ ಬೆಳೆಯುತ್ತದೆ. ಗಣಿತದ ಲಂಬಾಕ್ಷವಾದರೋ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಎಕ್ಸೆಲ್, ಮ್ಯಾಟ್‌ಪ್ಲಾಟ್‌ಲಿಬ್ ಮೊದಲಾದವು ಅಡ್ಡಪಟ್ಟಿಗಳಿಗೆ ಎರಡನೆಯ ಕ್ರಮವನ್ನು ಅನುಸರಿಸುವುದರಿಂದ, ಕೋಷ್ಟಕದಲ್ಲಿ ಮೊದಲು ಬರೆದ ಗೋವಿಂದ ಪೈಗಳ ಹೆಸರು ಪಟದ ತಳದಲ್ಲಿ ಕಾಣಿಸಿಕೊಳ್ಳುತ್ತದೆ. ಇದಕ್ಕಾಗಿ ಕೋಷ್ಟಕವನ್ನು ತಿರುವುಮುರುವು ಮಾಡಬೇಕಿಲ್ಲ. ಅಕ್ಷದ ಆಯ್ಕೆಗಳಲ್ಲಿ ಕ್ರಮವನ್ನು ಹಿಮ್ಮುಖಗೊಳಿಸಿದರೆ ಸಾಕು. ಎಕ್ಸೆಲ್‌ನಲ್ಲಿ ಹಾಗೆ ಮಾಡಿದಾಗ ಇಸವಿಗಳ ಅಕ್ಷ ಮೇಲಕ್ಕೆ ಹೋಗುತ್ತದೆ. ಅದನ್ನು ಮತ್ತೆ ಕೆಳಗಿಳಿಸಬೇಕು.

ತೆರಪಿನ ವಿಷಯದಲ್ಲಿ ಕನ್ನಡ ಲಿಪಿಗೆ ತನ್ನದೇ ಅಗತ್ಯವಿದೆ. ‘ಕಿಞ್ಞಣ್ಣ’ ಎಂಬ ಹೆಸರಿನಲ್ಲಿ ಒತ್ತುಗಳು ಕೆಳಗಿಳಿಯುತ್ತವೆ, ಗುಣಿತದ ಚಿಹ್ನೆ ಮೇಲಕ್ಕೇಳುತ್ತದೆ. ರೋಮನ್ ಅಕ್ಷರಗಳಿಗೆ ಸಾಲುವಷ್ಟೇ ಎತ್ತರ ಕೊಟ್ಟರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ತಲೆಕಟ್ಟಿಗೆ ತಾಗಬಹುದು. ಆದ್ದರಿಂದ ಅತ್ಯಂತ ಹೆಚ್ಚು ಒತ್ತುಗಳಿರುವ ಹೆಸರನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಲೇಸು.

ಕೊನೆಯದಾಗಿ, ಸಾಲುಗಳ ಅನುಕ್ರಮ. ಅಕಾರಾದಿಯಾಗಿ ಜೋಡಿಸಿದರೆ ಎಲ್ಲರಿಗಿಂತ ಕಿರಿಯರಾದ ಕಯ್ಯಾರರು ಮೊದಲಿಗರಾಗುತ್ತಾರೆ, ಹಿರಿಯರಾದ ಗೋವಿಂದ ಪೈಗಳು ನಡುವೆ ಸೇರುತ್ತಾರೆ. ಹೆಸರನ್ನು ಹುಡುಕಲು ಅದು ಅನುಕೂಲ. ಆದರೆ ಕಾಲದ ನಡೆ ಅದರಲ್ಲಿ ಮರೆಯಾಗುತ್ತದೆ. ಜನನವರ್ಷದ ಕ್ರಮದಲ್ಲಿ ಇರಿಸಿದಾಗ ಪಟ್ಟಿಗಳ ಎಡತುದಿಗಳು ಮೆಟ್ಟಿಲುಗಳಂತೆ ಇಳಿಯುತ್ತವೆ. 1915ರಿಂದ 1963ರವರೆಗೆ ಐವರೂ ಸಮಕಾಲೀನರಾಗಿದ್ದರೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮೇಲಿನ ಸಾಲಿನಲ್ಲಿ ಮಂಜೇಶ್ವರದ ಗೋವಿಂದ ಪೈ, ಕೆಳಗಿನ ಸಾಲಿನಲ್ಲಿ ಪೆರಡಾಲದ ಕಯ್ಯಾರರು: ಆಧುನಿಕ ಕನ್ನಡದ ಈ ಪಟದ ಎರಡು ಅಂಚುಗಳಲ್ಲಿಯೂ ಕಾಸರಗೋಡಿನ ಕವಿಗಳೇ ನಿಲ್ಲುತ್ತಾರೆ. ಅಂಕಿಗಳಲ್ಲಿ ಅಡಗಿದ್ದ ಈ ಸಂಗತಿಯನ್ನು ಕಣ್ಣಿಗೆ ಕಾಣಿಸುವುದು ಸಾಲುಗಳಿಗೆ ನಾವು ಕೊಡುವ ಸ್ಥಾನವೇ.